ಏಮಿ ಜಾನ್ಸನ್: ತಮ್ಮ ವಿಮಾನಕ್ಕೆ ತಾವೇ ಮೆಕ್ಯಾನಿಕ್ ಆಗಿದ್ದ ಪೈಲಟ್

ಯಾರಾದರೂ ಮೂವತ್ತು ವರ್ಷ ಹಳೆಯ ಸ್ಕೂಟರ್ ಓಡಿಸುತ್ತಿದ್ದರೆ ನಾವು ಮೆಚ್ಚಿಕೊಂಡು ನೋಡುತ್ತೇವೆ. ಅದೇ ಮರ ಮತ್ತು ಬಟ್ಟೆಯಿಂದ ಮಾಡಿದ, ತೊಂಬತ್ತು ವರ್ಷ ಹಳೆಯ ವಿಮಾನವೊಂದು ಇವತ್ತಿಗೂ ಹಾರುತ್ತಿದೆ ಎಂದರೆ ಯಾರ ಪ್ರಾಣ ತೆಗೆಯುವುದಕ್ಕೋ ಅನ್ನಿಸುತ್ತದೆ. ಹಳೆಯ ವಿಮಾನ ಎಂದರೆ ಅಪಾಯಕಾರಿ ವಿಮಾನ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ. ಆದರೆ ವಿಮಾನದ ವಯಸ್ಸಿಗೂ ಅದರ ಸುರಕ್ಷತೆಗೂ ಇರುವ ನಂಟು ಅಷ್ಟು ನೇರವಾದದ್ದಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ಏಮಿ ಜಾನ್ಸನ್ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1930ರ ಮೇ ತಿಂಗಳಲ್ಲಿ, 26ನೇ ವಯಸ್ಸಿನಲ್ಲಿ, ಏಮಿ ಒಂದು ಸೆಕೆಂಡ್ ಹ್ಯಾಂಡ್ ವಿಮಾನದಲ್ಲಿ ಒಬ್ಬರೇ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹಾರಿದರು. ಹಾಗೆ ಹಾರಿದ ಮೊದಲ ಮಹಿಳೆ ಅವರು. ದೂರ ಸುಮಾರು 18,000 ಕಿಲೋಮೀಟರ್. ಇದನ್ನು ಸಾಮಾನ್ಯವಾಗಿ ಧೈರ್ಯದ ಕಥೆಯಾಗಿ ಹೇಳುತ್ತಾರೆ. ಧೈರ್ಯವೇನೋ ಇತ್ತು. ಆದರೆ ಪ್ರತಿ ಸಂಜೆ ಇಳಿದ ಮೇಲೆ, ಊಟಕ್ಕೂ ನಿದ್ದೆಗೂ ಮುಂಚೆ, ಆ ವಿಮಾನದ ಎಂಜಿನ್ ಬಿಚ್ಚಿ ನೋಡಲು ಬೇಕಾದ ತಿಳಿವಳಿಕೆಯೂ ಅವರಿಗಿತ್ತು. ಈ ಎರಡನೆಯದು ಕಥೆಗಳಿಂದ ಮೆಲ್ಲಗೆ ಮರೆಯಾಗಿಬಿಟ್ಟಿದೆ.

ಆಫೀಸಿನಿಂದ ಹ್ಯಾಂಗರಿಗೆ

ಏಮಿ ಹುಟ್ಟಿದ್ದು 1903ರ ಜುಲೈ 1ರಂದು, ಇಂಗ್ಲೆಂಡಿನ ಪೂರ್ವ ಕರಾವಳಿಯ ಹಲ್ ಎಂಬ ಬಂದರು ಪಟ್ಟಣದಲ್ಲಿ. ಮನೆಯವರದು ಮೀನಿನ ವ್ಯಾಪಾರ. ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, 1925ರಲ್ಲಿ ಪದವಿ ಪಡೆದು, ಕೊನೆಗೆ ಲಂಡನ್ನಿನ ಒಬ್ಬ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯಾಗಿ ಸೇರಿದರು. 1928ರಲ್ಲಿ ಲಂಡನ್ನಿನ ಹೊರವಲಯದ ಸ್ಟ್ಯಾಗ್ ಲೇನ್ ವಿಮಾನ ನಿಲ್ದಾಣದ ಫ್ಲೈಯಿಂಗ್ ಕ್ಲಬ್ಬಿಗೆ ಸದಸ್ಯೆಯಾದರು. ಅದು ಡಿ ಹ್ಯಾವಿಲ್ಯಾಂಡ್ ಕಂಪನಿಯ ಕಾರ್ಖಾನೆಯೂ ಇದ್ದ ಜಾಗ.

ಹುಟ್ಟು ಪೈಲಟ್ ಎಂದು ಕೆಲವರನ್ನು ಹೊಗಳುತ್ತಾರಲ್ಲ, ಏಮಿ ಆ ಪೈಕಿ ಅಲ್ಲ. ಒಬ್ಬರೇ ಹಾರಲು ಅನುಮತಿ ಸಿಗುವ ಹೊತ್ತಿಗೆ ಅವರು ಸುಮಾರು 16 ಗಂಟೆಗಳ ಪಾಠ ಮುಗಿಸಿದ್ದರು. ಆ ಕಾಲಕ್ಕೆ ಅದು ಹೆಚ್ಚೇ. 1929ರ ಜುಲೈನಲ್ಲಿ ಪೈಲಟ್ ಲೈಸೆನ್ಸ್ ಬಂತು. ಅವರು ಉಳಿದ ಸದಸ್ಯರಿಗಿಂತ ಬೇರೆಯಾಗಿದ್ದು ಹಾರಾಟ ಮುಗಿದ ಮೇಲೆ. ಬೇರೆಯವರು ಕ್ಲಬ್ಬಿನ ಹರಟೆಗೆ ಹೋದರೆ ಇವರು ಹ್ಯಾಂಗರಿಗೆ ಹೋಗುತ್ತಿದ್ದರು. ಅಲ್ಲಿನ ಮುಖ್ಯ ಮೆಕ್ಯಾನಿಕ್ ಜ್ಯಾಕ್ ಹಂಫ್ರೀಸ್ ಬಳಿ ಎಂಜಿನ್ ಬಿಚ್ಚುವುದು, ಜೋಡಿಸುವುದು, ತಪ್ಪು ಕಂಡುಹಿಡಿಯುವುದನ್ನು ಕಲಿತರು. ಆಫೀಸಿಗೆ ಹೋಗುವ ಮುಂಚೆ, ಆಫೀಸಿನಿಂದ ಬಂದ ಮೇಲೆ ಅದೇ ಕೆಲಸ. ಕಡೆಗೆ ಆಫೀಸನ್ನೇ ಬಿಟ್ಟರು.

1929ರ ಡಿಸೆಂಬರಿನಲ್ಲಿ ಅವರಿಗೆ ಗ್ರೌಂಡ್ ಎಂಜಿನಿಯರ್ 'ಸಿ' ಲೈಸೆನ್ಸ್ ಸಿಕ್ಕಿತು. ಹಾರಾಟಕ್ಕೆ ಮುಂಚೆ ಎಂಜಿನ್ ಪರೀಕ್ಷಿಸಿ, ಇದು ಸರಿಯಿದೆ ಎಂದು ಸಹಿ ಹಾಕುವ ಅಧಿಕಾರ ಅದು. ಬ್ರಿಟನ್ನಿನಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಏಮಿ.

ಇಲ್ಲಿ ಒಂದು ಮಾತು. ನಾನು ಸಂವಹನ ಓದಿದವಳಾದ್ದರಿಂದ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ: ಆಸ್ಟ್ರೇಲಿಯಾ ಯಾನದ ಸುದ್ದಿ ಹಬ್ಬಿದಾಗ ಅವರು ಹೆಚ್ಚಾಗಿ ಕಚೇರಿ ಬಿಟ್ಟು ಆಕಾಶಕ್ಕೆ ನೆಗೆದ ಟೈಪಿಸ್ಟ್ ಹುಡುಗಿಯಾಗಿಯೇ ಕಾಣಿಸಿಕೊಂಡರು. ಹೊರಡುವಾಗ ಅವರ ಒಟ್ಟು ಹಾರಾಟ ನೂರು ಗಂಟೆಯನ್ನೂ ಮುಟ್ಟಿರಲಿಲ್ಲ. ಅದುವರೆಗಿನ ಅತಿ ದೂರದ ಪ್ರಯಾಣ ಲಂಡನ್ನಿನಿಂದ ತವರೂರು ಹಲ್‌ಗೆ, ಅಷ್ಟೇ. ಈ ವಿವರಗಳೆಲ್ಲ ನಿಜ. ಆದರೆ ಇವನ್ನಷ್ಟೇ ಹೇಳಿ 'ಸಿ' ಲೈಸೆನ್ಸ್ ವಿಷಯ ಬಿಟ್ಟರೆ, ಓದುವವರಿಗೆ ಉಳಿಯುವುದು ಅದೃಷ್ಟ ಮತ್ತು ಹುಚ್ಚು ಧೈರ್ಯ ಮಾತ್ರ. ಸುಳ್ಳು ಹೇಳದೆಯೂ ತಪ್ಪು ಚಿತ್ರ ಕೊಡಬಹುದು ಎನ್ನುವುದಕ್ಕೆ ನಾನು ಈ ಉದಾಹರಣೆಯನ್ನು ಆಗಾಗ ಕೊಡುತ್ತೇನೆ.

ರೆಕ್ಕೆ ಮಡಚುವ ಪತಂಗ

ಅವರ ವಿಮಾನ ಡಿ ಹ್ಯಾವಿಲ್ಯಾಂಡ್ ಕಂಪನಿಯ ಜಿಪ್ಸಿ ಮಾತ್. ಮಾತ್ ಎಂದರೆ ಪತಂಗ. ಕಂಪನಿಯ ಸ್ಥಾಪಕ ಜೆಫ್ರಿ ಡಿ ಹ್ಯಾವಿಲ್ಯಾಂಡ್ ಅವರಿಗೆ ಚಿಟ್ಟೆ, ಪತಂಗಗಳ ಹುಚ್ಚಿತ್ತು. ಕೂತ ಪತಂಗದಂತೆ ಈ ವಿಮಾನದ ರೆಕ್ಕೆಗಳನ್ನೂ ಹಿಂದಕ್ಕೆ ಮಡಚಬಹುದಿತ್ತು. ಮಡಚಿದರೆ ಅಗಲ ಸುಮಾರು 3 ಮೀಟರ್. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬಹುದು, ಶೆಡ್ಡಿನಲ್ಲಿ ನಿಲ್ಲಿಸಬಹುದು. ಹ್ಯಾಂಗರ್ ಬಾಡಿಗೆ ಎಂಬ ದೊಡ್ಡ ಖರ್ಚು ಇದರಿಂದ ಇಳಿಯಿತು. ಮಾತ್ ಮೊದಲು ಹಾರಿದ್ದು 1925ರಲ್ಲಿ. ನಂತರದ ವರ್ಷಗಳಲ್ಲಿ ಸ್ವಂತ ವಿಮಾನ ಎಂಬ ಮಾತು ಶ್ರೀಮಂತರ ಆಚೆಗೂ ಸ್ವಲ್ಪ ಇಳಿದು ಬಂದದ್ದು ಇದರಿಂದಲೇ.

1928ರಲ್ಲಿ ಇದಕ್ಕೆ ಜಿಪ್ಸಿ ಎಂಬ 100 ಅಶ್ವಶಕ್ತಿಯ, ನಾಲ್ಕು ಸಿಲಿಂಡರಿನ, ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ ಬಂತು. ರೇಡಿಯೇಟರ್ ಇಲ್ಲ, ಸೋರಲು ನೀರಿಲ್ಲ. ಇದು ಎಷ್ಟು ಗಟ್ಟಿ ಎಂದು ತೋರಿಸಲು ಕಂಪನಿ ಒಂದು ಎಂಜಿನ್ನಿಗೆ ಮೊಹರು ಹಾಕಿ, ಬಿಚ್ಚದೆ, ಬರೀ ದಿನನಿತ್ಯದ ಆರೈಕೆಯಲ್ಲಿ 600 ಗಂಟೆ ಹಾರಿಸಿತು. 1929ರಲ್ಲಿ ಮೊಹರು ತೆಗೆದು ನೋಡಿದಾಗ ಬದಲಾಯಿಸಬೇಕಾದ ಭಾಗಗಳ ಬೆಲೆ ಸುಮಾರು 7 ಪೌಂಡ್. ಬರೀ ದಿನನಿತ್ಯದ ಆರೈಕೆ ಎಂದೆನಲ್ಲ, ಅದೇ ಇಲ್ಲಿ ಮುಖ್ಯವಾದ ಮಾತು. ಅದಿಲ್ಲದಿದ್ದರೆ ಈ ಎಂಜಿನ್ 60 ಗಂಟೆಯನ್ನೂ ನೆಮ್ಮದಿಯಾಗಿ ಮುಗಿಸುತ್ತಿತ್ತು ಎಂದು ಹೇಳಲಾಗದು.

ಏಮಿ ಕೊಂಡ ಮಾತ್ ಎರಡು ವರ್ಷ ಹಳೆಯದು, ನೋಂದಣಿ ಜಿ-ಎಎಎಎಚ್. ಬೆಲೆ ಸುಮಾರು 600 ಪೌಂಡ್. ಅಪ್ಪನೂ, ಕ್ಯಾಸ್ಟ್ರಾಲ್ ಎಣ್ಣೆಯ ಉದ್ಯಮಿ ಲಾರ್ಡ್ ವೇಕ್‌ಫೀಲ್ಡ್ ಅವರೂ ಹಣ ಹಂಚಿಕೊಂಡರು. ಅದಕ್ಕೆ ಕಡು ಹಸಿರು ಬಣ್ಣ ಬಳಿದು, ಜೇಸನ್ ಎಂದು ಹೆಸರಿಟ್ಟರು. ಗ್ರೀಕ್ ಪುರಾಣದ ಸಾಹಸಿ ನಾವಿಕನನ್ನು ನೆನೆದು ಇಟ್ಟ ಹೆಸರು ಎಂದು ಹಲವರು ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಮನೆಯ ಮೀನು ವ್ಯಾಪಾರದ ಟ್ರೇಡ್‌ಮಾರ್ಕ್!

ಇಂಥ ವಿಮಾನವನ್ನು ಸಾಕುವುದು ಎಂದರೆ

ಸಾಕುವುದು ಎಂಬ ಪದವನ್ನು ಬೇಕೆಂದೇ ಬಳಸಿದೆ. ಹಸು ಸಾಕಿದವರಿಗೆ ಗೊತ್ತು, ಒಂದು ದಿನ ತಪ್ಪಿಸಿದರೂ ಅದು ತೋರಿಸಿಕೊಡುತ್ತದೆ. ಜಿಪ್ಸಿ ಮಾತ್ ಕೂಡ ಹಾಗೆಯೇ.

ಮೊದಲು ಪೆಟ್ರೋಲ್. ಅರ್ಧ ತುಂಬಿದ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣ್ಣಗಾದಾಗ ಅದರಲ್ಲಿನ ತೇವ ಹನಿಯಾಗಿ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಆದ್ದರಿಂದ ತಳಕ್ಕೆ ಹೋಗುತ್ತದೆ. ಎಂಜಿನ್ನಿಗೆ ಹೋಗುವ ಕೊಳವೆಯೂ ತಳದಲ್ಲೇ ಇರುತ್ತದೆ. ನೆಲದ ಮೇಲೆ ಎಂಜಿನ್ ಕೆಮ್ಮಿ ನಿಂತರೆ ತೊಂದರೆಯಿಲ್ಲ, ಟೇಕಾಫ್ ಆದ ಅರ್ಧ ನಿಮಿಷಕ್ಕೆ ನಿಂತರೆ ಕಥೆ ಬೇರೆ. ಜೊತೆಗೆ, ಆ ಕಾಲದಲ್ಲಿ ದಾರಿಯುದ್ದಕ್ಕೂ ಪೆಟ್ರೋಲ್ ಸಿಗುತ್ತಿದ್ದದ್ದು ಡಬ್ಬಗಳಲ್ಲಿ. ಅದರೊಳಗೆ ತುಕ್ಕೋ ಮರಳೋ ಏನಿರುತ್ತದೋ ಯಾರಿಗೆ ಗೊತ್ತು? ಅದಕ್ಕೆ ಏಮಿ ಪೆಟ್ರೋಲನ್ನು ಶಾಮಿ ಎಂಬ ಮೆತ್ತನೆಯ ಚರ್ಮದ ಮೂಲಕ ಸೋಸಿ ಹಾಕುತ್ತಿದ್ದರು. ಪೆಟ್ರೋಲಿನಲ್ಲಿ ಒಮ್ಮೆ ನೆಂದ ಆ ಚರ್ಮ ಪೆಟ್ರೋಲನ್ನು ಬಿಡುತ್ತದೆ, ನೀರನ್ನು ತಡೆಯುತ್ತದೆ.

ಆಮೇಲೆ ಎಂಜಿನ್. ಮೊದಲ ಜಿಪ್ಸಿ ಎಂಜಿನ್ನಿನ ವಾಲ್ವ್‌ಗಳನ್ನು ಒತ್ತುವ ಕಡ್ಡಿ, ತೋಳುಗಳೆಲ್ಲ ಹೊರಗೇ ಕಾಣುತ್ತಿದ್ದವು. ಅವಕ್ಕೆ ಕೈಯಾರೆ ಗ್ರೀಸ್ ಹಾಕಬೇಕು. ಬಿಸಿಗೆ ಲೋಹ ಹಿಗ್ಗುವುದರಿಂದ ವಾಲ್ವ್ ಮತ್ತು ತೋಳಿನ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಸಂದು ಹೆಚ್ಚಾದರೆ ಎಂಜಿನ್ ಕಟಕಟ ಎಂದು ಶಕ್ತಿ ಕಳೆದುಕೊಳ್ಳುತ್ತದೆ. ತೀರಾ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಅಳೆಯಬೇಕು, ಸರಿಮಾಡಬೇಕು. ಪ್ರತಿ ಸಿಲಿಂಡರಿಗೆ ಎರಡರಂತೆ ಎಂಟು ಸ್ಪಾರ್ಕ್ ಪ್ಲಗ್. ಎಣ್ಣೆ ಸುಟ್ಟು ಅವುಗಳ ತುದಿಗೆ ಮಸಿ ಕಟ್ಟುತ್ತದೆ, ಬಿಚ್ಚಿ ಉಜ್ಜಬೇಕು. ಎಂಟು ಹತ್ತು ಗಂಟೆ ಹಾರಿ, ಬಿಸಿಲಿಗೆ ಬೆಂದು, ಎಂಜಿನ್ ಸದ್ದಿಗೆ ಕಿವಿ ಕೇಳದಂತಾಗಿದ್ದಾಗಲೂ ಏಮಿ ಇಷ್ಟನ್ನು ಮಾಡಿಯೇ ಮಲಗುತ್ತಿದ್ದರು.

ಮೂರನೆಯದು ಮೈ. ಮಾತ್‌ನ ಒಡಲು ಮರದ್ದು, ರೆಕ್ಕೆಗೆ ಹೊದಿಕೆ ಬಟ್ಟೆ. ಬಟ್ಟೆಗೆ ಡೋಪ್ ಎಂಬ ಸೆಲ್ಯುಲೋಸ್ ದ್ರಾವಣ ಬಳಿಯುತ್ತಾರೆ. ಅದು ಆರುತ್ತಾ ಬಟ್ಟೆಯನ್ನು ತಬಲಾದ ಚರ್ಮದ ಹಾಗೆ ಬಿಗಿಯುತ್ತದೆ, ಎಳೆಗಳ ನಡುವಿನ ರಂಧ್ರಗಳನ್ನೂ ಮುಚ್ಚುತ್ತದೆ. ಈಗ ನಾವು ಶುರುವಿನಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ಅಲ್ಯುಮಿನಿಯಂ ಮತ್ತೆ ಮತ್ತೆ ಬಾಗಿದಾಗ ಅದರೊಳಗೆ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಬೆಳೆಯುತ್ತದೆ. ಇದೇ ಲೋಹದ ದಣಿವು. ವಿಮಾನಗಳಿಗೆ ಬಳಸುತ್ತಿದ್ದ ಸ್ಪ್ರೂಸ್ ಮರ ಈ ವಿಷಯದಲ್ಲಿ ಹೆಚ್ಚು ತಾಳಿಕೆಯದು. ಮರದ ಶತ್ರು ವಯಸ್ಸಲ್ಲ, ತೇವ. ಆ ಕಾಲದ ಮರದ ವಿಮಾನಗಳಲ್ಲಿ ಬೆಸುಗೆಗೆ ಬಳಸುತ್ತಿದ್ದ ಅಂಟು ಹೆಚ್ಚಾಗಿ ಕೇಸೀನ್, ಅಂದರೆ ಹಾಲಿನ ಪ್ರೋಟೀನ್. ಒಣಗಿದ್ದರೆ ಬಲು ಗಟ್ಟಿ, ತೇವ ಸೇರಿದರೆ ಬೂಷ್ಟು ಹಿಡಿದು ಬಿಟ್ಟುಕೊಳ್ಳುತ್ತದೆ. ಹಾಗಾಗಿ ಒಣ ಶೆಡ್ಡಿನಲ್ಲಿ ನಿಲ್ಲಿಸಿ, ಜೋಡಣೆಗಳನ್ನು ತೆರೆದು ನೋಡಿ, ಕೆಟ್ಟ ತುಂಡು ಬದಲಿಸಿ, ಬಟ್ಟೆ ಹೊಸದು ಹೊದಿಸುತ್ತಾ ಹೋದರೆ ಇಂಥ ವಿಮಾನ ನೂರು ವರ್ಷವೂ ಹಾರಬಹುದು. ಮಳೆಗೆ ಬಿಟ್ಟರೆ ಎರಡೇ ವರ್ಷದಲ್ಲಿ ಅಪಾಯಕಾರಿ ಆಗಬಹುದು.

ಕ್ರಾಯ್ಡನ್‌ನಿಂದ ಡಾರ್ವಿನ್

1930ರ ಮೇ 5ರಂದು ಲಂಡನ್ನಿನ ಕ್ರಾಯ್ಡನ್‌ನಿಂದ ಹೊರಟಾಗ ಜೇಸನ್‌ಗೆ ಹೆಚ್ಚುವರಿ ಪೆಟ್ರೋಲ್ ಟ್ಯಾಂಕ್‌ಗಳಿದ್ದವು, ಪಕ್ಕಕ್ಕೆ ಒಂದು ಬಿಡಿ ಪ್ರೊಪೆಲ್ಲರ್ ಕಟ್ಟಿತ್ತು. ರೇಡಿಯೋ ಇರಲಿಲ್ಲ. ಹೆಚ್ಚುವರಿ ಟ್ಯಾಂಕಿನಿಂದ ಮೇಲಿನ ಟ್ಯಾಂಕಿಗೆ ಹಾರುತ್ತಲೇ ಕೈಪಂಪಿನಿಂದ ಪೆಟ್ರೋಲ್ ಏರಿಸಬೇಕಿತ್ತು. ಅದರ ವಾಸನೆಗೆ ಹೊಟ್ಟೆ ತೊಳೆಸುತ್ತಿತ್ತು. ವಿಯೆನ್ನಾ, ಇಸ್ತಾಂಬುಲ್, ಅಲೆಪ್ಪೊ ದಾಟಿ ಬಾಗ್ದಾದಿನ ದಾರಿಯಲ್ಲಿ ಮರಳಿನ ಬಿರುಗಾಳಿ ಎದ್ದಾಗ ಮರುಭೂಮಿಯಲ್ಲೇ ಇಳಿದರು. ಇಳಿದು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಎಂಜಿನ್ನಿಗೆ ಬಟ್ಟೆ ಮುಚ್ಚಿದ್ದು. ಎಂಜಿನ್ನಿನೊಳಗೆ ಮರಳು ಹೋದರೆ ಉಪ್ಪುಕಾಗದದಿಂದ ಸಿಲಿಂಡರನ್ನು ಉಜ್ಜಿದಂತೆ.

ಆರು ದಿನದಲ್ಲಿ ಕರಾಚಿ ತಲುಪಿದರು. ಇಂಗ್ಲೆಂಡ್–ಆಸ್ಟ್ರೇಲಿಯಾ ಒಂಟಿ ಹಾರಾಟದ ದಾಖಲೆ ಹೊಂದಿದ್ದ ಬರ್ಟ್ ಹಿಂಕ್ಲರ್‌ಗಿಂತ ಇದು ಎರಡು ದಿನ ಬೇಗ. ಜಗತ್ತು ಅವರನ್ನು ಗಮನಿಸಿದ್ದು ಆಗಲೇ. ಮುಂದೆ ಅಲಹಾಬಾದಿಗೆ ಹೋಗಬೇಕಿತ್ತು. ಪೆಟ್ರೋಲ್ ಸಾಲದೆ ಝಾನ್ಸಿಯಲ್ಲಿ ಸೈನ್ಯದ ಪರೇಡ್ ಮೈದಾನದಲ್ಲಿ ಇಳಿದರು. ಅಲ್ಲಿ ವಿಮಾನ ಕಟ್ಟಡಗಳ ಹತ್ತಿರದವರೆಗೂ ಓಡಿ ರೆಕ್ಕೆಗೆ ಪೆಟ್ಟಾಯಿತು. ರಿಪೇರಿ ಮಾಡಿಸಿ, ಅಲಹಾಬಾದ್ ಮೂಲಕ ಮೇ 12ಕ್ಕೆ ಕಲ್ಕತ್ತಾ.

ಅದೇ ತಿಂಗಳು ಇನ್ನೆರಡು ಜಿಪ್ಸಿ ಮಾತ್‌ಗಳು ಭಾರತ–ಇಂಗ್ಲೆಂಡ್ ದಾರಿಯಲ್ಲಿದ್ದವು. ಆ ದಾರಿಯಲ್ಲಿ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನ್ ಬಹುಮಾನ ಘೋಷಿಸಿದ್ದರು. ಕರಾಚಿಯಿಂದ ಹೊರಟ ಜೆ.ಆರ್.ಡಿ. ಟಾಟಾ, ಇಂಗ್ಲೆಂಡಿನಿಂದ ಬರುತ್ತಿದ್ದ ಹದಿಹರೆಯದ ಆಸ್ಪಿ ಎಂಜಿನಿಯರ್ ಇಬ್ಬರೂ ಈಜಿಪ್ಟಿನ ಅಬೂಕಿರ್‌ನಲ್ಲಿ ಭೇಟಿಯಾದರು. ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಅಲ್ಲೇ ಸಿಕ್ಕಿಕೊಂಡಿದ್ದರು. ಟಾಟಾ ತಮ್ಮ ಬಳಿಯಿದ್ದ ಬಿಡಿ ಪ್ಲಗ್ ಕೊಟ್ಟರು. ಗೆದ್ದದ್ದು ಆಸ್ಪಿ! ಮುಂದೆ ಅವರು ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಏಮಿಗೆ ದೊಡ್ಡ ಪೆಟ್ಟು ಬಿದ್ದದ್ದು ಬರ್ಮಾದಲ್ಲಿ. ಮಳೆಯಲ್ಲಿ ರಂಗೂನಿನ ಇಳಿದಾಣ ಸಿಗದೆ, ಹತ್ತಿರದ ಇನ್ಸೀನ್ ಎಂಬಲ್ಲಿ ಒಂದು ತಾಂತ್ರಿಕ ಶಾಲೆಯ ಆಟದ ಮೈದಾನಕ್ಕೆ ಇಳಿಸಿದರು. ವಿಮಾನ ಓಡಿ ಹೋಗಿ ಹಳ್ಳಕ್ಕೆ ಬಿತ್ತು. ಪ್ರೊಪೆಲ್ಲರ್ ಮುರಿಯಿತು, ರೆಕ್ಕೆ ಹರಿಯಿತು, ಚಕ್ರದ ಕಾಲಿಗೂ ಪೆಟ್ಟು. ಅದೃಷ್ಟ ಎಂದರೆ ಬಿದ್ದದ್ದು ಬಡಗಿ ಕೆಲಸ, ಕಮ್ಮಾರ ಕೆಲಸ ಕಲಿಸುವವರ ಅಂಗಳದಲ್ಲಿ. ರೆಕ್ಕೆಯ ಮುರಿದ ಪಕ್ಕೆಲುಬುಗಳನ್ನು ಅಲ್ಲಿಯವರೇ ಮಾಡಿಕೊಟ್ಟರು. ಬಟ್ಟೆ? ಮೊದಲ ಮಹಾಯುದ್ಧದ ನಂತರ ಉಳಿದ ವಿಮಾನದ ಬಟ್ಟೆಯಲ್ಲಿ ಹೊಲಿದಿದ್ದ ಅಂಗಿಗಳನ್ನು ಬಿಚ್ಚಿ ರೆಕ್ಕೆಗೆ ಹೊದಿಸಿದರು ಎಂದು ಹೇಳುತ್ತಾರೆ. ಪಕ್ಕಕ್ಕೆ ಕಟ್ಟಿ ತಂದಿದ್ದ ಪ್ರೊಪೆಲ್ಲರ್ ಮೂಗಿಗೆ ಏರಿತು. ಮೂರು ದಿನ ಹೋಯಿತು, ಹಿಂಕ್ಲರ್ ದಾಖಲೆಯೂ ಹೋಯಿತು.

ಇದು ಇವತ್ತಿನ ಯಾವ ಪ್ರಯಾಣಿಕ ವಿಮಾನದಲ್ಲೂ ನಡೆಯುವ ಮಾತಲ್ಲ. ಮಾತ್‌ನಲ್ಲಿ ನಡೆಯಿತು, ಏಕೆಂದರೆ ಅದು ಕೆಟ್ಟರೆ ಬೇಕಾದದ್ದು ಬಡಗಿ, ದರ್ಜಿ, ಮತ್ತು ಎಲ್ಲಿ ಏನು ಎಷ್ಟು ಬಿಗಿಯಾಗಿರಬೇಕು ಎಂದು ನಿಂತು ಹೇಳಬಲ್ಲ ಒಬ್ಬ ಎಂಜಿನಿಯರ್. ಮೊದಲಿಬ್ಬರು ಯಾವ ಊರಿನಲ್ಲೂ ಸಿಗುತ್ತಿದ್ದರು. ಮೂರನೆಯವರು ಕಾಕ್‌ಪಿಟ್‌ನಲ್ಲೇ ಬಂದಿದ್ದರು. ಜಾವಾದಲ್ಲಿ ಒಂದು ಕಬ್ಬಿನ ತೋಟದಲ್ಲಿ ಇಳಿದಾಗ ನೆಟ್ಟಿದ್ದ ಬಿದಿರಿನ ಗೂಟಗಳು ರೆಕ್ಕೆಯ ಬಟ್ಟೆಯನ್ನು ಚುಚ್ಚಿದವು. ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿಕೊಂಡು ಮುಂದೆ ಹಾರಿದರು. ಟಿಮೋರ್‌ನಲ್ಲಿ ಒಂದು ದಿನ ಎಲ್ಲಿದ್ದಾರೆಂದು ಹೊರಜಗತ್ತಿಗೆ ಗೊತ್ತಾಗಲಿಲ್ಲ. ಮೇ 24ರಂದು ಡಾರ್ವಿನ್ ಮುಟ್ಟಿದರು.

ಕೆಲವೇ ದಿನಗಳ ಬಳಿಕ ಬ್ರಿಸ್ಬೇನಿನಲ್ಲಿ, ದೊಡ್ಡ ಜನಸ್ತೋಮದ ಮುಂದೆ ಇಳಿಯುವಾಗ ಜೇಸನ್ ಬೇಲಿ ದಾಟಿ ತಲೆಕೆಳಗಾಯಿತು. ಏಮಿಗೆ ಹೆಚ್ಚೇನೂ ಆಗಲಿಲ್ಲ. ಎಷ್ಟೇ ಆರೈಕೆ ಮಾಡಿದ ಎಂಜಿನ್ ಇದ್ದರೂ, ಮೂರು ವಾರ ನಿದ್ದೆಗೆಟ್ಟ ಪೈಲಟ್‌ಗೆ ಅದರಿಂದ ಉಪಯೋಗ ಅಷ್ಟಕ್ಕಷ್ಟೇ.

ಬಸ್ಸಿನ ಪೆಟ್ರೋಲ್

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1931ರಲ್ಲಿ ತಮ್ಮ ಗುರು ಹಂಫ್ರೀಸ್ ಜೊತೆ ಟೋಕಿಯೋಗೆ ಹಾರಿದರು. 1932ರಲ್ಲಿ ಪೈಲಟ್ ಜಿಮ್ ಮಾಲಿಸನ್‌ರನ್ನು ಮದುವೆಯಾಗಿ, ಅದೇ ವರ್ಷ ಲಂಡನ್–ಕೇಪ್‌ಟೌನ್ ದಾರಿಯಲ್ಲಿ ಗಂಡನ ದಾಖಲೆಯನ್ನೇ ಮುರಿದರು. ಮದುವೆ 1938ರಲ್ಲಿ ಮುರಿಯಿತು. ಈ ನಡುವೆ ಬ್ರಿಟನ್ನಿನ ಮಹಿಳಾ ಎಂಜಿನಿಯರ್‌ಗಳ ಸಂಘಕ್ಕೆ ಅಧ್ಯಕ್ಷೆಯೂ ಆಗಿದ್ದರು.

ನಿಂತು ನೋಡಬೇಕಾದ ಘಟನೆ 1934ರ ಅಕ್ಟೋಬರಿನದು. ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ವಿಮಾನ ಪಂದ್ಯ. ದಂಪತಿಗಳ ಕೈಯಲ್ಲಿ ಹೊಚ್ಚ ಹೊಸ ಡಿ ಹ್ಯಾವಿಲ್ಯಾಂಡ್ ಕಾಮೆಟ್, ಎರಡು ಎಂಜಿನ್, ಆ ಕಾಲದ ಅತಿ ವೇಗದ ವಿಮಾನಗಳಲ್ಲಿ ಒಂದು. ಕರಾಚಿಯವರೆಗೆ ದಾಖಲೆಯ ವೇಗ. ಆಮೇಲೆ ದಾರಿ ತಪ್ಪಿ ಜಬಲ್‌ಪುರದಲ್ಲಿ ಇಳಿದರು. ಅಲ್ಲಿ ವಿಮಾನದ ಪೆಟ್ರೋಲ್ ಇರಲಿಲ್ಲ; ಸಿಕ್ಕಿದ್ದು ಸ್ಥಳೀಯ ಬಸ್ ಕಂಪನಿಯ ಪೆಟ್ರೋಲ್. ಅದನ್ನೇ ತುಂಬಿಸಿಕೊಂಡು ಹೊರಟರು. ಎಂಜಿನ್ ಹಾಳಾಗಿ, ಅಲಹಾಬಾದಿನಲ್ಲಿ ಪಂದ್ಯದಿಂದಲೇ ಹೊರಬಿದ್ದರು.

ಕಾರಣ ಸರಳ. ಕಾಮೆಟ್‌ನ ಪಂದ್ಯದ ಎಂಜಿನ್ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಬಹಳ ಹೆಚ್ಚು ಒತ್ತುತ್ತಿತ್ತು. ಒತ್ತಿದಷ್ಟೂ ಶಕ್ತಿ ಹೆಚ್ಚು, ಆದರೆ ಸಾಧಾರಣ ಪೆಟ್ರೋಲ್ ಅಷ್ಟು ಒತ್ತಡ, ಬಿಸಿಗೆ ತಾನೇ ತಾನಾಗಿ ಸಿಡಿಯುತ್ತದೆ. ಆ ಸಿಡಿತ ಪಿಸ್ಟನ್ನಿನ ತಲೆಗೆ ಸುತ್ತಿಗೆ ಏಟಿನಂತೆ ಬೀಳುತ್ತದೆ. ಬಂಕಿನಲ್ಲಿ ನೀವು ನೋಡುವ ಆಕ್ಟೇನ್ ಸಂಖ್ಯೆ, ಹೀಗೆ ಸಿಡಿಯದೆ ತಡೆದುಕೊಳ್ಳುವ ಶಕ್ತಿಯ ಅಳತೆ. ಹಳೆಯ ಜೇಸನ್‌ನ ಎಂಜಿನ್ ಅಷ್ಟು ಒತ್ತುತ್ತಲೇ ಇರಲಿಲ್ಲ, ದಾರಿಯಲ್ಲಿ ಸಿಕ್ಕ ಪೆಟ್ರೋಲಿಗೂ ಹೊಂದಿಕೊಳ್ಳುತ್ತಿತ್ತು. ಹೊಸ, ದುಬಾರಿ, ವೇಗದ ವಿಮಾನ ನಿಂತ ಅಲಹಾಬಾದಿನಿಂದಲೇ ನಾಲ್ಕು ವರ್ಷದ ಹಿಂದೆ ತೇಪೆ ಹಾಕಿದ ರೆಕ್ಕೆಯ ಜೇಸನ್ ಮುಂದೆ ಹಾರಿತ್ತು.

ಸಾವಿನ ಸುತ್ತ ಕಟ್ಟಿದ ಕಥೆಗಳು

ಎರಡನೇ ಮಹಾಯುದ್ಧದಲ್ಲಿ ಏಮಿ, ಕಾರ್ಖಾನೆ ಮತ್ತು ವಾಯುನೆಲೆಗಳ ನಡುವೆ ವಿಮಾನ ಸಾಗಿಸುವ ಪಡೆ ಸೇರಿದರು. 1941ರ ಜನವರಿ 5ರಂದು ಏರ್‌ಸ್ಪೀಡ್ ಆಕ್ಸ್‌ಫರ್ಡ್ ವಿಮಾನವೊಂದನ್ನು ಬ್ಲ್ಯಾಕ್‌ಪೂಲ್‌ನಿಂದ ಆಕ್ಸ್‌ಫರ್ಡ್ ಬಳಿಯ ಕಿಡ್ಲಿಂಗ್ಟನ್‌ಗೆ ಒಯ್ಯುತ್ತಿದ್ದರು. ಹವಾಮಾನ ಕೆಟ್ಟಿತ್ತು. ಗಂಟೆಗಟ್ಟಲೆ ತಡವಾಗಿ, ದಾರಿಯಿಂದ ಬಹಳ ದೂರ, ಥೇಮ್ಸ್ ನದೀಮುಖದ ನೀರಿಗೆ ಪ್ಯಾರಾಚೂಟ್‌ನಲ್ಲಿ ಇಳಿದರು. ಎಚ್.ಎಂ.ಎಸ್. ಹೇಸಲ್‌ಮಿಯರ್ ಹಡಗಿನವರು ನೋಡಿದರು, ಹಿಡಿಯಲಾಗಲಿಲ್ಲ. ನೀರಿಗೆ ಹಾರಿದ ಹಡಗಿನ ನಾಯಕ ವಾಲ್ಟರ್ ಫ್ಲೆಚರ್ ಕೂಡ ತೀರಿಕೊಂಡರು. ಏಮಿಯ ದೇಹ ಸಿಗಲಿಲ್ಲ. ಅವರಿಗೆ 37 ವರ್ಷ.

ದೇಹ ಸಿಗದ ಕಡೆ ಕಥೆ ಹುಟ್ಟುತ್ತದೆ. ವಿಮಾನದಲ್ಲಿ ಇನ್ನೊಬ್ಬ ಗುಪ್ತ ಪ್ರಯಾಣಿಕನಿದ್ದ, ಅದು ಗೂಢಚಾರಿಕೆಯ ಕೆಲಸ ಎಂಬುದು ಒಂದು. ನೀರಿನಲ್ಲಿ ಇಬ್ಬರನ್ನು ಕಂಡಂತಾಯಿತು ಎಂದು ನಾವಿಕರು ಹೇಳಿದ್ದರಿಂದ ಇದು ಹುಟ್ಟಿತು. ತೇಲುತ್ತಿದ್ದ ಸಾಮಾನಿನ ಚೀಲವನ್ನೂ ಮನುಷ್ಯನೆಂದು ತಿಳಿದಿರಬಹುದು. ಅವರ ಚೀಲ ಸಿಕ್ಕಿದ್ದಂತೂ ನಿಜ. ರೇಡಿಯೋದಲ್ಲಿ ಕೇಳಿದ ಗುರುತಿನ ಸಂಕೇತಕ್ಕೆ ತಪ್ಪು ಉತ್ತರ ಬಂದದ್ದರಿಂದ ತಾವೇ ಹೊಡೆದುರುಳಿಸಿದೆವು ಎಂದು 1999ರಲ್ಲಿ ಬ್ರಿಟಿಷ್ ಸೈನ್ಯದ ಮಾಜಿ ಫಿರಂಗಿಯವರೊಬ್ಬರು ಹೇಳಿದರು. ಆದರೆ ಹೀಗೆ ಸಾಗಿಸುವ ವಿಮಾನಗಳು ರೇಡಿಯೋ ಬಳಸದೆಯೇ ಹಾರುತ್ತಿದ್ದವು, ಆದ್ದರಿಂದ ಆ ಮಾತನ್ನು ಒಪ್ಪುವುದು ಕಷ್ಟ. ಮೋಡದ ಮೇಲೆ ಸಿಕ್ಕಿಕೊಂಡು, ನೆಲ ಕಾಣದೆ, ಪೆಟ್ರೋಲ್ ಮುಗಿಯುವವರೆಗೆ ಹಾರಿ ಜಿಗಿದರು ಎಂಬ ಸಾದಾ ವಿವರಣೆಯೇ ನನಗೆ ಹೆಚ್ಚು ಕೂಡುವಂತೆ ಕಾಣುತ್ತದೆ.

ಫ್ಲೆಚರ್‌ರಂಥ ಗಟ್ಟಿಮುಟ್ಟಾದ ನಾವಿಕ ಈಜು ಬಂದರೂ ಹೇಗೆ ಸತ್ತರು ಎಂದು ಕೇಳುವವರಿದ್ದಾರೆ. ಚಳಿಗಾಲದ ಸಮುದ್ರಕ್ಕೆ ಬಿದ್ದ ಮೊದಲ ಒಂದೆರಡು ನಿಮಿಷ ಉಸಿರು ಹತೋಟಿ ತಪ್ಪುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಕೈಕಾಲಿನ ಸ್ನಾಯುಗಳು ಮಾತು ಕೇಳುವುದಿಲ್ಲ. ಎಸೆದ ಹಗ್ಗ ಕೈಗೆ ಸಿಕ್ಕರೂ ಹಿಡಿಯಲಾಗದು. ಈಜಿನ ಕೌಶಲಕ್ಕೆ ಅಲ್ಲಿ ಬೆಲೆ ಕಡಿಮೆ.

ಜೇಸನ್ ಉಳಿದಿದೆ. ಬ್ರಿಸ್ಬೇನಿನ ಅಪಘಾತದ ಬಳಿಕ ರಿಪೇರಿಯಾಗಿ ಇಂಗ್ಲೆಂಡಿಗೆ ಮರಳಿತು. ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ಹಸಿರು ಮೈಯೊಂದಿಗೆ ತೂಗುತ್ತಿದೆ. ಅದು ಹಾರುವುದಿಲ್ಲ. ಅದರ ಜೊತೆಯ ಹಲವು ಜಿಪ್ಸಿ ಮಾತ್‌ಗಳು ಇಂದಿಗೂ ಹಾರುತ್ತಿವೆ. ಹಾರುವ ಮುಂಚೆ ಅವುಗಳ ಮಾಲೀಕರು ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ, ಬೆಳಕಿಗೆ ಹಿಡಿದು, ನೀರಿದೆಯೇ ಎಂದು ನೋಡುತ್ತಾರೆ.